ಕಾಕಾ ನೋಡದ ಅರಮನೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಅಮ್ಮ ಇದ್ದಾಗ ಅವರು ಹೇಳುತ್ತಿದ್ದರು, ಈಗ ಗಂಡ ಹೇಳುತ್ತಾರೆ, ಬಹರೈನಿನ ರಿಫಾದ ನಮ್ಮ ಶಾಲೆಯ ಮಕ್ಕಳು ಬೆನ್ನ ಹಿಂದೆ ಹೇಳುತ್ತಾರೆ. "ನಿನ್ನ ಬಾಯಿಗೆ ಬ್ರೇಕ್ ಹಾಕ್ಲಿಕ್ಕೆ ದೇವರು ಮರ್ತಿದ್ದಾನೆ" ಎನ್ನುವುದು ಗಂಡನ ಮಾತು. ಇದನ್ನೆಲ್ಲ ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಇತಿಹಾಸದ ಟೀಚರಿಗೆ, ಅದರಲ್ಲೂ ಒಂಬತ್ತನೇ ತರಗತಿಯ ಹುಡುಗಿಯರನ್ನು ಸಂಭಾಳಿಸುವವಳಿಗೆ, ಸ್ವಲ್ಪ ಜೋರು ಬೇಕೇ ಬೇಕು. ಆದರೆ ಆ ಜೋರಿಗೆ ಬೆಲೆ ತೆತ್ತವರು ನಾನಲ್ಲ, ಬೇರೆಯವರು. ಅವರನ್ನು ಶಾಲೆಯಲ್ಲಿ ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದರು.

ಕಾಕಾ ನಮ್ಮ ಶಾಲೆಯ ಮಂದೂಬ್. ಅಂದರೆ ಶಾಲೆಯ ಪರವಾಗಿ ಸರಕಾರಿ ಕಚೇರಿಗಳಿಗೆ ಅಲೆಯುವವರು. ನಮ್ಮೆಲ್ಲರ ವೀಸಾ, ಸಿಪಿಆರ್ ಎಂಬ ಇಲ್ಲಿನ ಗುರುತಿನ ಕಾರ್ಡು, ಮಕ್ಕಳ ಕಾಗದಪತ್ರ, ಎಲ್ಲ ಅವರ ಕೈಯಿಂದಲೇ ಆಗಬೇಕು. ಉಳ್ಳಾಲದ ಕಡೆಯ ಬ್ಯಾರಿಗಳು, ಮನೆಯಲ್ಲಿ ಬ್ಯಾರಿ ಭಾಷೆ, ನನ್ನ ಹತ್ತಿರ ಊರ ಕನ್ನಡ, ಕಚೇರಿಗಳಲ್ಲಿ ಅರಬ್ಬಿ. ನಾನು ಕಲ್ಯಾಣಪುರದ ಕೊಂಕಣಿ ಕ್ರೈಸ್ತಳು. ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲಾಟಿಗೆ ಮೊದಲ ಸಲ ಕರೆಂಟಿನ ಕಾಗದ ಮಾಡಿಸಿಕೊಟ್ಟವರು ಅವರೇ. ಇಪ್ಪತ್ತಾರು ವರ್ಷ ಬೇರೆಯವರ ಪಾಸ್‌ಪೋರ್ಟ್ ಹೊತ್ತು ತಿರುಗಿದ ಮನುಷ್ಯ ಸ್ವತಃ ನೋಡಿದ್ದು ಎರಡೇ ಊರು, ಒಂದು ಉಳ್ಳಾಲ, ಇನ್ನೊಂದು ಬಹರೈನ್.

ಒಂದು ಚಳಿಗಾಲದಲ್ಲಿ ನಾನು ಮಕ್ಕಳನ್ನು ಮುಹರ್ರಕ್‌ನ ಹಳೆಯ ಮನೆಗಳಿಗೆ ಕರೆದುಕೊಂಡು ಹೋಗಿದ್ದೆ. ಅನುಮತಿಯ ಕಾಗದ ಹಿಡಿದು ಕಾಕಾ ಜೊತೆಗಿದ್ದರು. ಒಂದು ಮನೆಯ ಬಾಗಿಲ ಮೇಲೆ ಗಚ್ಚಿನಲ್ಲಿ ಕೆತ್ತಿದ ಬಳ್ಳಿಗಳ ನಡುವೆ ಅರಬ್ಬಿ ಅಕ್ಷರ ಇತ್ತು. ನಾನು ಹುಡುಗಿಯರಿಗೆ "ಇದು ಅಲಂಕಾರ" ಎಂದು ಹೇಳಿ ಮುಂದೆ ಹೋಗುವವಳಿದ್ದೆ. ಹಿಂದಿನಿಂದ ಕಾಕಾ ಮೆಲ್ಲಗೆ, "ಅಲಂಕಾರ ಅಲ್ಲ ಟೀಚರ್. ಒಳಗೆ ಬರುವವರಿಗೆ ಸಲಾಂ ಬರ್ದದ್ದು" ಎಂದರು. ನನಗೆ ಮುಖ ಕೆಂಪಾಯಿತು. ಆದರೂ ಬಿಡಲಿಲ್ಲ. ಮೊಬೈಲು ತೆಗೆದು, ಸ್ಪೇನಿನ ಗ್ರಾನಡಾದಲ್ಲಿರುವ ಅಲ್‌ಹಂಬ್ರಾ ಅರಮನೆಯ ಗೋಡೆಯ ಚಿತ್ರ ತೋರಿಸಿದೆ. ಏಳುನೂರು ವರ್ಷದ ಹಿಂದೆ ಅಲ್ಲಿ ಆಳಿದ ಮೂರ್ ಸುಲ್ತಾನರು ಕಟ್ಟಿಸಿದ್ದು. ಹನ್ನೆರಡು ವರ್ಷದಿಂದ ನಾನು ಪಾಠ ಮಾಡುತ್ತಿರುವ ಗೋಡೆ. "ಇದನ್ನು ಓದಿ ನೋಡುವ" ಎಂದೆ, ಸವಾಲು ಹಾಕುವ ಹಾಗೆ.

ಅವರು ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಬಾಯಲ್ಲೇ ಅಕ್ಷರ ಕೂಡಿಸಿದರು. "ಅಲ್ಲಾಹನಲ್ಲದೆ ಗೆಲ್ಲುವವರು ಯಾರೂ ಇಲ್ಲ ಅಂತ. ಇಲ್ಲಿಯೂ ಅದೇ, ಇಲ್ಲಿಯೂ ಅದೇ. ಎಷ್ಟು ಸಲ ಬರ್ದಿದ್ದಾರೆ ನೋಡಿ." ಆಮೇಲೆ ಕನ್ನಡಕ ಇಳಿಸಿ ಹೇಳಿದರು, "ಪಾಪ, ಸೋಲ್ತೇವೆ ಅಂತ ಹೆದರಿಕೆ ಇತ್ತೋ ಏನೋ ಅವರಿಗೆ."

ನಾನು ಹನ್ನೆರಡು ವರ್ಷದಲ್ಲಿ ಆ ಅರಮನೆಯ ಬಗ್ಗೆ ಇಷ್ಟು ಒಳ್ಳೆಯ ಮಾತು ಒಂದೂ ಆಡಿರಲಿಲ್ಲ.

ಮರುವರ್ಷ ಶಾಲೆ ಸ್ಪೇನ್ ಪ್ರವಾಸಕ್ಕೆ ಒಪ್ಪಿತು. ಕಾರ್ಡೊಬಾ, ಸೆವಿಲ್ಲೆ, ಗ್ರಾನಡಾ, ಎಂಟು ದಿನ, ಹದಿನಾಲ್ಕು ಹುಡುಗಿಯರು. ಜೊತೆಗೆ ಒಬ್ಬರು ಗಂಡಸು ಇರಲಿ, ಕಾಗದಪತ್ರ ನೋಡಿಕೊಳ್ಳಲಿ ಎಂದಾಗ ನಾನು ಕಾಕಾನ ಹೆಸರನ್ನು ಹಟ ಹಿಡಿದು ಸೇರಿಸಿದೆ. ಕಾಗದಪತ್ರ ನೆಪ. ಅರಮನೆಯ ಗೋಡೆಗಳನ್ನು ಅವರು ಮಕ್ಕಳಿಗೆ ಓದಿ ಹೇಳಬೇಕು ಎಂಬುದು ನನ್ನ ಆಸೆ. ಅವರಿಗೂ ಇದೊಂದೇ ಅವಕಾಶ, ಏಕೆಂದರೆ ಜೂನಿನಲ್ಲಿ ಅವರ ಕೆಲಸ ಮುಗಿದು, ವೀಸಾ ರದ್ದಾಗಿ, ಊರಿಗೆ ಹೋಗುವವರಿದ್ದರು. ಉಳ್ಳಾಲದಿಂದ ಸ್ಪೇನಿಗೆ ಯಾರು ಕಳಿಸುತ್ತಾರೆ?

ಸುದ್ದಿ ಹೇಳಿದ ದಿನ ಕಾಕಾ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. "ನಾನಾ? ನನಗೆ ಎಂತಕ್ಕೆ ಟೀಚರ್?" ಎಂದರು. ಮರುದಿನದಿಂದ ಅವರ ಕೌಂಟರಿನಲ್ಲಿ ಅರ್ಜಿಗಳ ಕೆಳಗೆ ಅರಮನೆಯ ಗೋಡೆಗಳ ಪ್ರಿಂಟುಗಳು. ಬಿಡುವಾದಾಗಲೆಲ್ಲ ಪೆನ್ಸಿಲು ಹಿಡಿದು, ಆ ಸುರುಳಿ ಅಕ್ಷರ ಬಿಡಿಸಿ ಕೂಡಿಸಿ ಓದುವುದು. ಪರೀಕ್ಷೆಗೆ ಕೂತವರ ಹಾಗೆ. "ಮನೆಯಲ್ಲಿ ಹೇಳಿದ್ದೇನೆ. ಅವಳು ನೆರೆಕರೆಗೆಲ್ಲ ಹೇಳಿ ಆಯ್ತು" ಎಂದು ನಕ್ಕರು. ಅವಳು ಅಂದರೆ ಊರಲ್ಲಿರುವ ಹೆಂಡತಿ. ಇಪ್ಪತ್ತಾರು ವರ್ಷದಲ್ಲಿ ಗಂಡ ಬೇರೆಯವರ ಕೆಲಸದ ಸುದ್ದಿ ಬಿಟ್ಟು ತನ್ನದೇ ಒಂದು ಸುದ್ದಿ ಹೇಳಿದ್ದು ಇದೇ ಮೊದಲಂತೆ.

ಕಾರ್ಡೊಬಾದಲ್ಲಿ ಮಸೀದಿ ಮತ್ತು ಇಗರ್ಜಿ, ಅಂದರೆ ನಮ್ಮ ಚರ್ಚು, ಒಂದೇ ಸೂರಿನ ಕೆಳಗಿವೆ. ಕೆಂಪು ಬಿಳಿ ಪಟ್ಟೆಯ ಕಮಾನುಗಳ ಕಾಡು ದಾಟಿದರೆ ನಡುವಿನಲ್ಲಿ ಆಲ್ತಾರು. ನನ್ನ ಕೈ ತಾನಾಗಿ ಹಣೆಯವರೆಗೆ ಹೋಗಿ ನಿಂತಿತು. ಪಕ್ಕದಲ್ಲಿ ಕಾಕಾ ಇದ್ದಾರೆ, ಇವರ ಎದುರು ಇಲ್ಲಿ ಶಿಲುಬೆಯ ಗುರುತು ಹಾಕುವುದೋ ಬೇಡವೋ ತಿಳಿಯಲಿಲ್ಲ. ಅವರು ಅದನ್ನು ನೋಡಿದರು. "ಹಾಕಿ ಟೀಚರ್. ದೇವರ ಮನೆ ಅಲ್ವಾ, ಯಾರದ್ದಾದ್ರೂ ಒಬ್ಬರ ಪ್ರಾರ್ಥನೆ ನಡೀತಾ ಉಂಟಲ್ಲ" ಎಂದರು. ಒಳಗೆ ಹಳೆಯ ಮಸೀದಿಯ ಪ್ರಾರ್ಥನೆಯ ಗೂಡಿನ ಸುತ್ತ ಬಂಗಾರದ ಬಣ್ಣದಲ್ಲಿ ಅಕ್ಷರಗಳಿದ್ದವು. ಆದರೆ ಅಡ್ಡಲಾಗಿ ಕಂಬಿ, ಅದರ ಮುಂದೆ ಜನ. ಕಾಕಾ ತುದಿಗಾಲಲ್ಲಿ ನಿಂತು ನೋಡಿದರು, ಓದಲಾಗಲಿಲ್ಲ. "ಇರಲಿ. ಗ್ರಾನಡಾದಲ್ಲಿ ಹತ್ತಿರದಿಂದ ಓದುವ" ಎಂದರು.

ಸೆವಿಲ್ಲೆಯಲ್ಲಿ ಎಡವಟ್ಟು ಶುರುವಾಯಿತು. ಒಬ್ಬ ಹುಡುಗಿ ಜ್ಯೂಸಿನ ಅಂಗಡಿಯಲ್ಲಿ ಪಾಸ್‌ಪೋರ್ಟ್ ಇದ್ದ ಚೀಲವನ್ನೇ ಮರೆತು ಬಂದಳು. ಅಂಗಡಿಯಾಕೆ ಓಡಿಬಂದು ಕೊಟ್ಟಳು, ಪುಣ್ಯಾತ್ಗಿತ್ತಿ. ಆದರೆ ಆ ಹತ್ತು ನಿಮಿಷ ನನ್ನ ಜೀವ ಬಾಯಿಗೆ ಬಂದಿತ್ತು. ಗ್ರಾನಡಾದ ಹೋಟೆಲಿಗೆ ಹೋದ ಕೂಡಲೇ ಕಾಕಾಗೆ ಆಜ್ಞೆ ಮಾಡಿದೆ, "ಎಲ್ಲರ ಪಾಸ್‌ಪೋರ್ಟ್ ತಗೊಂಡು ಹೋಟೆಲಿನ ತಿಜೋರಿಯಲ್ಲಿ ಹಾಕಿ. ನಂದೂ ಹಾಕಿ. ವಿಮಾನದ ದಿನ ತೆಗೆದ್ರೆ ಸಾಕು." ಗಲ್ಫಿನಲ್ಲಿ ಇದ್ದವರಿಗೆ ಇದು ಅರ್ಥವಾಗುತ್ತದೆ. ನಮಗೆ ಪಾಸ್‌ಪೋರ್ಟ್ ಅಂದರೆ ಬೀಗದೊಳಗೆ ಇರಬೇಕಾದ ವಸ್ತು. ದಿನದ ಕೆಲಸಕ್ಕೆಲ್ಲ ಸಿಪಿಆರ್ ಕಾರ್ಡು. ಆಸ್ಪತ್ರೆಗೆ ಅದು, ಬ್ಯಾಂಕಿಗೆ ಅದು, ಸಿಮ್ ಕಾರ್ಡಿಗೆ ಅದು. ಅದನ್ನು ತೋರಿಸಿದರೆ ತೆರೆಯದ ಬಾಗಿಲೇ ಇಲ್ಲ. ಆ ಬಾಗಿಲುಗಳೆಲ್ಲ ಬಹರೈನಿನವು ಎಂಬುದು ನನ್ನ ತಲೆಗೆ ಹೋಗಲಿಲ್ಲ, ಅಷ್ಟೇ.

ಕಾಕಾ ಹದಿನೈದು ಪಾಸ್‌ಪೋರ್ಟ್ ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಎಣಿಸಿ, ಕೆಳಗಿನ ತಿಜೋರಿಯಲ್ಲಿಟ್ಟರು. ತಮ್ಮದನ್ನು ಮಾತ್ರ ಅದರಲ್ಲಿ ಹಾಕಲಿಲ್ಲ. ಮಕ್ಕಳದ್ದರ ಜೊತೆ ತನ್ನದನ್ನು ಬೆರೆಸಬಾರದು ಎಂಬುದು ಅವರ ಕೆಲಸದ ನೇಮ. ಅದು ನಾಲ್ಕನೇ ಮಾಳಿಗೆಯ ಅವರ ಕೋಣೆಯಲ್ಲಿ, ಸೂಟ್‌ಕೇಸಿನ ಬಟ್ಟೆಯ ಮಡಿಕೆಯಲ್ಲಿತ್ತು.

ಅರಮನೆಗೆ ಹೋಗುವ ದಿನ ಬೆಳಿಗ್ಗೆ ತಿಂಡಿಯ ಮೇಜಿನ ಹತ್ತಿರ ಕಾಕಾ ಬಂದು ನಿಂತರು. ಮೈಮೇಲೆ ಇಸ್ತ್ರಿ ಹಾಕಿದ ಹೊಸ ಅಂಗಿ, ಅತ್ತರಿನ ಪರಿಮಳ. ಹಬ್ಬದ ದಿನದ ಕಳೆ.

"ಟೀಚರ್, ಟಿಕೆಟಿನಲ್ಲಿ ಎಲ್ಲರ ಹೆಸರು ಉಂಟು. ಫೋಟೋ ಇರುವ ಗುರುತಿನ ದಾಖಲೆ ತರ್ಬೇಕು ಅಂತಲೂ ಉಂಟು. ಪಾಸ್‌ಪೋರ್ಟ್ ಹಿಡ್ಕೊಳ್ಳುವನಾ?"

"ಕಾರ್ಡೊಬಾದಲ್ಲಿ ಯಾರಾದ್ರೂ ಕೇಳಿದ್ರಾ?"

"ಇಲ್ಲ. ಆದ್ರೂ ಗೈಡಮ್ಮನ ಹತ್ರ ಒಮ್ಮೆ ಕೇಳ್ಬಹುದಿತ್ತು."

ನಾನು ಅರ್ಧ ಆಮ್ಲೆಟು ಬಾಯಲ್ಲಿಟ್ಟುಕೊಂಡೇ ಹಾರಿದೆ. "ನಿಮಗೆಂತ ಕಾಕಾ, ಇಪ್ಪತ್ತಾರು ವರ್ಷ ಪಾಸ್‌ಪೋರ್ಟ್ ಹೊತ್ತು ಕನಸಲ್ಲಿಯೂ ಅದೇ ಬರ್ತದಾ? ಫೋಟೋ ಇರುವ ದಾಖಲೆ ಅಂದ್ರೆ ಸಿಪಿಆರ್ ಉಂಟಲ್ಲ ಎಲ್ಲರ ಕುತ್ತಿಗೆಯಲ್ಲಿ! ಗುಡ್ಡದ ಮೇಲೆ ಹದಿನೈದು ಪಾಸ್‌ಪೋರ್ಟ್ ಬೀಳಿಸ್ಕೊಂಡ್ರೆ ನೀವು ಉತ್ತರ ಕೊಡ್ತೀರಾ?"

ಅವರು "ಸರಿ ಟೀಚರ್" ಎಂದು ಹೋಗಿ ಬಸ್ಸಿನ ಬಾಗಿಲಲ್ಲಿ ನಿಂತರು.

ಅರಮನೆಯ ಒಳಭಾಗಕ್ಕೆ ನಮಗೆ ಕೊಟ್ಟ ಹೊತ್ತು ಹನ್ನೊಂದರಿಂದ ಹನ್ನೊಂದೂವರೆ. ಅದರೊಳಗೆ ಬಾಗಿಲು ದಾಟದಿದ್ದರೆ ಟಿಕೆಟು ಕಾಗದದ ಚೂರು. ಬೇರೆ ಟಿಕೆಟು ವಾರಗಟ್ಟಲೆ ಇಲ್ಲ, ನಮ್ಮ ವಿಮಾನವೋ ಮರುದಿನ. ಹತ್ತೂಕಾಲಿಗೆ ಮೇಲಿನ ಗೇಟಿನಲ್ಲಿ ನಮ್ಮ ಗೈಡ್ ಹೆಂಗಸು ಕೈ ಚಾಚಿದಳು, "ಪಾಸ್‌ಪೋರ್ಟ್ ಪ್ಲೀಸ್." ನಾನು ಜಂಬದಿಂದ ಸಿಪಿಆರ್ ಕೊಟ್ಟೆ. ಗೇಟಿನವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಲೆ ಅಲ್ಲಾಡಿಸಿ ಹಿಂದಕ್ಕೆ ಕೊಟ್ಟ.

ಸಾಯ್ಬಾ ದೇವರೆ! ಹುಡುಗಿಯರಲ್ಲಿ ಇಬ್ಬರು ಅಳಲು ಶುರುಮಾಡಿದರು. ಗೈಡ್ ಗಡಿಯಾರ ನೋಡಿ, "ನಿಮ್ಮ ಮೊಬೈಲಿಗೆ ಎರಡು ಸಲ ಸಂದೇಶ ಕಳಿಸಿದ್ದೆನಲ್ಲ! ಪಾಸ್‌ಪೋರ್ಟ್ ಇಟ್ಟು ಬಂದವರು ಯಾರು?" ಎಂದು ಇಂಗ್ಲಿಷಿನಲ್ಲಿ ಸಿಡುಕಿದಳು.

"ನಾನೇ ಮೇಡಂ. ಮೈ ಮಿಸ್ಟೇಕ್" ಎಂದರು ಕಾಕಾ.

ಬಾಯಿಗೆ ಬ್ರೇಕ್ ಇಲ್ಲದ ನನಗೆ ಆಗ ಮಾತು ಹೊರಡಲಿಲ್ಲ. ಬೇಕಾದಾಗ ಹೊರಡದ ಬಾಯಿ ಇದ್ದೇನು ಪ್ರಯೋಜನ? ಒಂದು ಶಬ್ದ ಸಾಕಿತ್ತು, "ಅಲ್ಲ, ನಾನು" ಎಂದು. ಆಡಲಿಲ್ಲ. ಕಾಕಾ ಆಗಲೇ ಟ್ಯಾಕ್ಸಿಯ ಕಡೆ ಓಡುತ್ತಿದ್ದರು. ಅರವತ್ತು ತುಂಬಿದ ಮನುಷ್ಯ, ಮಂಡಿ ನೋವು ಬೇರೆ.

ನಾವು ಅರಮನೆಯ ಬಾಗಿಲ ಹತ್ತಿರದ ಮರದ ನೆರಳಿನಲ್ಲಿ ಕಾದೆವು. ಅಲ್ಲಿಯವರೆಗಿನ ದಾರಿಗೆ ಟಿಕೆಟು ಬೇಕಿಲ್ಲ. ಹನ್ನೊಂದು ಆಯಿತು. ಹನ್ನೊಂದೂಕಾಲು ಆಯಿತು. ಅಷ್ಟೂ ಹೊತ್ತು ನಾನು ಕೊಂಕಣಿಯಲ್ಲಿ ಜಪಮಾಲೆ ಹೇಳಿಕೊಳ್ಳುತ್ತಿದ್ದೆ. ಹನ್ನೊಂದು ಇಪ್ಪತ್ತಾರಕ್ಕೆ ಕಾಕಾ ಏರಿನಲ್ಲಿ ಕಾಣಿಸಿಕೊಂಡರು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಏದುಸಿರಿನಲ್ಲೇ ಚೀಲ ಬಿಚ್ಚಿ, ಒಬ್ಬೊಬ್ಬಳ ಮುಖ ನೋಡಿ, ಅವರವರ ಪಾಸ್‌ಪೋರ್ಟ್ ಅವರವರ ಕೈಗೆ ಕೊಟ್ಟರು. ಒಂದೂ ತಪ್ಪಲಿಲ್ಲ. ಕೊನೆಗೆ ನನ್ನದು. ಚೀಲ ಖಾಲಿಯಾಯಿತು.

"ಕಾಕಾ, ನಿಮ್ಮದು?"

"ನೀವು ಹೋಗಿ ಟೀಚರ್, ಬಾಗಿಲು ಹಾಕ್ತಾನೆ."

"ನಿಮ್ಮದೆಲ್ಲಿ ಅಂತ ಕೇಳಿದ್ದು!"

"ಮೇಲೆ ಉಂಟು, ಕೋಣೆಯಲ್ಲಿ. ಲಿಫ್ಟಿನ ಮುಂದೆ ಸೂಟ್‌ಕೇಸಿನ ಜನ ತುಂಬ. ಮೇಲೆ ಹೋಗಿ ಬಂದ್ರೆ ಮಕ್ಕಳ ಹೊತ್ತು ಮೀರ್ತಿತ್ತು." ನಗಲು ನೋಡಿದರು. "ಹೋಗಿ, ಹೋಗಿ."

ಮರೆತದ್ದಲ್ಲ. ತಿಜೋರಿಯ ಮುಂದೆ ನಿಂತು ಲೆಕ್ಕ ಹಾಕಿ ಬಿಟ್ಟು ಬಂದದ್ದು. ಗೈಡ್ ನನ್ನ ತೋಳು ಹಿಡಿದು ಎಳೆದಳು. ಹುಡುಗಿಯರ ಹಿಂದೆ ನಾನು ಒಳಗೆ ಹೋದೆ.

ಒಳಗೆ ಏನು ನೋಡಿದೆ ಎಂದು ಕೇಳಿದರೆ ನನಗೆ ನಿಜವಾಗಿ ಗೊತ್ತಿಲ್ಲ. ಗೋಡೆಯ ತುಂಬ ಅಕ್ಷರ, ಕೈಗೆಟಕುವಷ್ಟು ಹತ್ತಿರ, ಕಂಬಿಯೂ ಇಲ್ಲ. ಶಾಲೆಯಲ್ಲಿ ಅರಬ್ಬಿ ಕಲಿಯುವ ಹುಡುಗಿಯೊಬ್ಬಳು ಕೂಡಿಸಿ ಓದಲು ಹೋಗಿ ಎರಡನೇ ಅಕ್ಷರಕ್ಕೆ ಸೋತು, "ಕಾಕಾ ಇರಬೇಕಿತ್ತು ಮ್ಯಾಮ್" ಎಂದಳು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಆ ತುತ್ತನ್ನು ತಟ್ಟಿ ಬೀಳಿಸಿದವಳು ನಾನು. ನಾಚಿಕೆಗೆ ನನಗೆ ನೆಲ ಬಿಟ್ಟು ಬೇರೇನೂ ಕಾಣಲಿಲ್ಲ. ಸಿಂಹಗಳ ಅಂಗಳ, ಕೊಳ, ಜೇನುಗೂಡಿನಂಥ ಛಾವಣಿ, ಎಲ್ಲದರ ಮುಂದೆ ಹಾದುಹೋದೆ.

ಹೊರಗೆ ಬಂದಾಗ ಕಾಕಾ ಕಲ್ಲುಕಟ್ಟೆಯ ಮೇಲೆ ಹುಡುಗಿಯರ ಜಾಕೆಟು, ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. "ಚಂದ ಇತ್ತಾ ಮಕ್ಕಳೇ?" ಎಂದು ಕೇಳಿದರು. ನಾನು ಕ್ಷಮೆ ಕೇಳಬೇಕಿತ್ತು. ಅದರ ಬದಲು, ನನ್ನ ಹುಟ್ಟುಗುಣ ನೋಡಿ, ಬಯ್ದೆ. "ನಿಮಗೆ ಬುದ್ಧಿ ಉಂಟಾ? ಓಡಿ ಮೇಲೆ ಹೋಗಿ ತರ್ಲಿಕ್ಕೆ ಎಂತ ಆಗಿತ್ತು? ನಾವು ಒಳಗೆ ಹೋಗದಿದ್ರೆ ಪ್ರಪಂಚ ಮುಳುಗ್ತಿತ್ತಾ?"

"ಬಯ್ಯಿರಿ ಟೀಚರ್" ಎಂದರು ಅವರು ಸಮಾಧಾನದಲ್ಲಿ. "ಬಯ್ದ್ರೆ ನಿಮಗೆ ಹಗುರ ಆಗ್ತದೆ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ನಾನು, ಉಂಡವರು ಅವರು. ಮರುದಿನ ವಿಮಾನಕ್ಕೆ ಹೋಗುವ ಬಸ್ಸಿನಲ್ಲಿ ಕಾಕಾ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ ನಾನು ಹಿಂದೆ ಹೋಗಿ ಹುಡುಗಿಯರಿಗೆ ಹೇಳಿದೆ, ಪಾಸ್‌ಪೋರ್ಟ್ ಬೀಗದೊಳಗೆ ಇಡಿಸಿದ್ದು ನಾನು, ಕಾಕಾ ಅಲ್ಲ ಎಂದು. ಹೇಳಲು ಅರ್ಧ ದಾರಿಯವರೆಗೆ ಧೈರ್ಯ ಕೂಡಿಸಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬೆಂಗಳೂರಿನ ಹುಡುಗಿಯೊಬ್ಬಳು ತಗ್ಗಿದ ದನಿಯಲ್ಲಿ, "ಗೊತ್ತು ಮ್ಯಾಮ್. ಬ್ರೇಕ್‌ಫಾಸ್ಟ್ ಟೈಮಲ್ಲಿ ನಾವೆಲ್ಲ ಅಲ್ಲೇ ಇದ್ವಲ್ಲ" ಎಂದಳು.

ಬಹರೈನಿಗೆ ಬಂದ ಮೇಲೆ ಪ್ರಿನ್ಸಿಪಾಲರಿಗೂ ಹೇಳಿದೆ. ಅವರು ಮಕ್ಕಳು ಸುಖವಾಗಿ ಬಂದರಲ್ಲ ಎಂದು ಬೇರೆ ಫೈಲು ತೆಗೆದರು. ನನಗೆ ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ಮೂರು ವಾರ ನಾನು ಕಾಕಾನ ಕೌಂಟರಿನ ದಾರಿ ತಪ್ಪಿಸಿ, ಆಟದ ಮೈದಾನ ಸುತ್ತಿ ಸ್ಟಾಫ್ ರೂಮಿಗೆ ಹೋಗುತ್ತಿದ್ದೆ. ಆ ಬಿಸಿಲಿನಲ್ಲಿ!

ಮೇ ತಿಂಗಳ ಕೊನೆಗೆ ಹುಡುಗಿಯರು ತೆಗೆದ ಫೋಟೋಗಳನ್ನೆಲ್ಲ ಸೇರಿಸಿ ದೊಡ್ಡದೊಂದು ಆಲ್ಬಮ್ ಮಾಡಿಸಿ, ಎದೆಗವಚಿಕೊಂಡು ಅವರ ಕೌಂಟರಿಗೆ ಹೋದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. "ಕಾಕಾ, ನನ್ನದು ತಪ್ಪಾಯಿತು" ಎಂದೆ. ಇಷ್ಟು ಸಣ್ಣ ವಾಕ್ಯ ಹೇಳಲು ಅಷ್ಟು ದಿನ ಬೇಕಾಯಿತು.

"ಬಿಡಿ ಟೀಚರ್" ಎಂದು ಅವರು ಆಲ್ಬಮ್ಮನ್ನು ತೆರೆಯದೆಯೇ ಪಕ್ಕಕ್ಕೆ ಸರಿಸಿದರು. "ನೀವೇ ಬಂದದ್ದು ಒಳ್ಳೇದಾಯ್ತು. ನನಗೊಂದು ಉಪಕಾರ ಆಗ್ಬೇಕು."

"ಎಂತ, ಹೇಳಿ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮನೆಯಲ್ಲಿ ಸುಳ್ಳು ಹೇಳಿದ್ದೇನೆ. ಒಳಗೆ ಹೋದೆ ಅಂತ. ಅವತ್ತು ಅವಳು ಫೋನ್ ಮಾಡಿ ಅಷ್ಟು ಖುಷಿಯಲ್ಲಿ ಕೇಳಿದ್ಳು, ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಇನ್ನು ಹತ್ತು ದಿನದಲ್ಲಿ ಊರಿಗೆ ಹೋಗುವವ. ಮಕ್ಕಳು ಮೊಮ್ಮಕ್ಕಳು ಎಲ್ಲ ಸುತ್ತ ಕೂತು ಕೇಳ್ತಾರೆ. ನೀವು ಒಳಗೆ ಹೇಗಿತ್ತು ಅಂತ ಹೇಳಿ."

"ಫೋಟೋ ಉಂಟಲ್ಲ ಕಾಕಾ, ಎಲ್ಲ ಉಂಟು ಇದರಲ್ಲಿ."

"ಫೋಟೋ ಅವರೂ ಮೊಬೈಲಲ್ಲಿ ನೋಡಿದ್ದಾರೆ ಮಾರಾಯ್ರೆ. ಫೋಟೋದಲ್ಲಿ ಇಲ್ಲದ್ದು ಹೇಳಿ."

ನಾನು ಸ್ಟೂಲು ಎಳೆದು ಕೂತೆ. ಸಿಂಹಗಳ ಅಂಗಳದಿಂದ ಶುರುಮಾಡಿದೆ. ಎಷ್ಟು ಕಂಬ, ಯಾವ ಸುಲ್ತಾನನ ಕಾಲ, ನೀರು ಎಲ್ಲಿಂದ ಬರುತ್ತಿತ್ತು. ಅವರು ಒಂದು ನಿಮಿಷ ಕೇಳಿ, ಮೆಲ್ಲಗೆ ಕೈ ಅಡ್ಡ ಹಿಡಿದರು.

"ಇದು ಪುಸ್ತಕದ್ದು ಟೀಚರ್. ಇದು ನನಗೂ ಗೊತ್ತುಂಟು. ಕೊಳ ಉಂಟಲ್ಲ ಒಳಗೆ, ಅದರ ನೀರು ಹೇಗಿತ್ತು? ತಣ್ಣಗಿತ್ತಾ?"

ಆ ಕೊಳದ ಅಂಚಿನಲ್ಲಿ ನಾನು ತಲೆ ಬಗ್ಗಿಸಿ ನಡೆದುಹೋಗಿದ್ದೆ. ನೀರಿದ್ದದ್ದು ಕೂಡ ನೆನಪಿರಲಿಲ್ಲ.

"ತಣ್ಣಗಿತ್ತು" ಎಂದೆ. "ತುಂಬ ತಣ್ಣಗಿತ್ತು ಕಾಕಾ."

ಅವರ ಮುಖ ಅರಳಿತು. ಕುರ್ಚಿಗೆ ಒರಗಿ, ಉಸಿರು ಬಿಟ್ಟು ಹೇಳಿದರು, "ಅಲ್‌ಹಮ್ದುಲಿಲ್ಲಾ. ಅವಳು ಮೊದಲು ಕೇಳಿದ್ದೇ ಅದನ್ನು. ನಾನು ತಣ್ಣಗಿತ್ತು ಅಂದುಬಿಟ್ಟಿದ್ದೆ."